ಊರೇ ಬೇಡ ಅಂದರೂ ಯೋಜನೆ ಬರುತ್ತೆ ಅಂತಾದರೆ, ಅಹವಾಲು ಸಭೆಗೆ ಯಾಕೆ ಹೋಗಬೇಕು?

ಪ್ರಶ್ನೆ: ನಮ್ಮ ತಾಲ್ಲೂಕಿಗೆ ದೊಡ್ಡದೊಂದು ವಿದ್ಯುತ್ ಯೋಜನೆ ಬರ್ತಾ ಇದೆ. ಪರಿಸರ ಅನುಮತಿಗೆ ಅಂತ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದಾರೆ. ಆದರೆ ಜನ ಎಷ್ಟೇ ಬೇಡ ಅಂದರೂ ಕೊನೆಗೆ ಅನುಮತಿ ಕೊಟ್ಟೇ ಕೊಡ್ತಾರೆ ಅಂತ ಎಲ್ಲರೂ ಹೇಳ್ತಾರೆ. ಹಾಗಿದ್ದ ಮೇಲೆ ಸಭೆಗೆ ಹೋಗಿ ಏನು ಪ್ರಯೋಜನ? ಬಹಿಷ್ಕಾರ ಹಾಕಿ ರಸ್ತೆಗೆ ಇಳಿಯೋದೇ ವಾಸಿ ಅಲ್ವಾ?

ಉತ್ತರ: ಹೋಗಲೇಬೇಕು. ಬರಿಗೈಯಲ್ಲಿ ಮಾತ್ರ ಹೋಗಬೇಡಿ, ನಿಮ್ಮ ಆಕ್ಷೇಪಣೆಯನ್ನು ಬರೆದುಕೊಂಡು ಹೋಗಿ.

ನಿಮ್ಮ ಬೇಸರಕ್ಕೆ ಕಾರಣ ಇದೆ. ಕೈಗಾದ 5 ಮತ್ತು 6ನೇ ಅಣು ವಿದ್ಯುತ್ ಘಟಕಗಳನ್ನೇ ನೋಡಿ. ತಲಾ 700 ಮೆಗಾವಾಟ್‌ನ ಈ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಅಹವಾಲು ಸಭೆ ನಡೆಯಿತು. ಜನ ಎದ್ದು ನಿಂತು ಬೇಡ ಅಂದರು. ಮರುವರ್ಷವೇ ಕೇಂದ್ರ ಪರಿಸರ ಸಚಿವಾಲಯ ಅನುಮತಿ ಕೊಟ್ಟಿತು. ಇಂಥದ್ದನ್ನು ಕಣ್ಣಾರೆ ಕಂಡವರಿಗೆ ಸಭೆಯ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ಹೀಗಾಗುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಅಹವಾಲು ಸಭೆ ಮತದಾನ ಅಲ್ಲ. ಅಲ್ಲಿ ಕೈ ಎತ್ತಿದವರನ್ನು ಎಣಿಸಿ ಯಾರೂ ತೀರ್ಮಾನ ಮಾಡುವುದಿಲ್ಲ. ಜನ ಏನು ಹೇಳಿದರು ಅಂತ ಬರೆದುಕೊಂಡು ಮೇಲಕ್ಕೆ ಕಳಿಸುವುದಷ್ಟೇ ಅಲ್ಲಿನ ಕೆಲಸ. ಮೇಲೆ ಒಂದು ತಜ್ಞರ ಸಮಿತಿ ಅದನ್ನು ನೋಡಿ ಶಿಫಾರಸು ಮಾಡುತ್ತದೆ. ದೊಡ್ಡ ಯೋಜನೆಯಾದರೆ ಕೇಂದ್ರ ಸಚಿವಾಲಯ, ಸ್ವಲ್ಪ ಚಿಕ್ಕದಾದರೆ ರಾಜ್ಯ ಮಟ್ಟದ ಪ್ರಾಧಿಕಾರ ಅನುಮತಿ ಕೊಡುತ್ತದೆ ಅಥವಾ ತಿರಸ್ಕರಿಸುತ್ತದೆ. ಇದು ಸಾಲದು ಅನ್ನುವುದೇ ನನ್ನ ಅಭಿಪ್ರಾಯ. ಮನೆ, ತೋಟ ಕಳೆದುಕೊಳ್ಳುವವರ ಮಾತಿಗೆ ಇನ್ನೂ ಜಾಸ್ತಿ ತೂಕ ಇರಬೇಕಿತ್ತು.

ಆದರೂ ಈ ಹಕ್ಕು ಸುಮ್ನೆ ಬಂದಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ, ಜನರನ್ನು ಕೂರಿಸಿ ಕೇಳಬೇಕು ಎಂಬ ಕಾನೂನೇ ಇರಲಿಲ್ಲ. ಯೋಜನೆಯಿಂದ ಪರಿಸರದ ಮೇಲೆ ಏನೇನು ಪರಿಣಾಮ ಅಂತ ಅಧ್ಯಯನ ಮಾಡಬೇಕು ಎಂಬ ಅಧಿಸೂಚನೆ ಬಂದಿದ್ದು 1994ರಲ್ಲಿ. ಅಹವಾಲು ಸಭೆ ಕಡ್ಡಾಯ ಆಗಿದ್ದು 1997ರಲ್ಲಿ. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. ಅದೇ ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವ) ಯೋಜನೆ ಬರುತ್ತದೆ ಅಂದಾಗ, 2025ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಕಾರ್ಗಲ್‌ನಲ್ಲೊಂದು, ಉತ್ತರ ಕನ್ನಡದ ಗೇರುಸೊಪ್ಪದಲ್ಲೊಂದು ಸಭೆ ಕರೆಯಬೇಕಾಯಿತು. ಯೋಜನೆ ಎರಡು ಜಿಲ್ಲೆಗೆ ಹರಡಿದ್ದರೆ ಎರಡು ಕಡೆಯೂ ಸಭೆ ಆಗಲೇಬೇಕು. ಸುಮಾರು 54 ಹೆಕ್ಟೇರ್ ಕಾಡು, ಅದೂ ಸಿಂಗಳೀಕಗಳ ಅಭಯಾರಣ್ಯದ ಕಾಡು ಹೋಗುವ ಯೋಜನೆ ಅದು. ಒಮ್ಮೆ ಮುಳುಗಡೆ ಕಂಡ ಕಣಿವೆಯ ಜನ ಈ ಸಲ ಮೈಕ್ ಹಿಡಿದು ಮಾತಾಡಿದರು.

ಇನ್ನು ಬಹಿಷ್ಕಾರದ ವಿಷಯ. ನಿಯಮದಲ್ಲಿ ಒಂದು ಸಾಲು ಇದೆ: ಸಭೆ ಶುರು ಮಾಡಲು ಇಷ್ಟೇ ಜನ ಇರಬೇಕು ಅಂತ ಕೋರಂ ಇಲ್ಲ. ಊರವರು ಒಬ್ಬರೂ ಬರದಿದ್ದರೂ ಸಭೆ ನಡೆದ ಲೆಕ್ಕವೇ. ಆಗ ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಉಳಿಯುವುದು ಕಂಪನಿ ಹೇಳಿದ ಮಾತು, ಯೋಜನೆ ಬೇಕು ಅಂದ ನಾಲ್ಕು ಜನರ ಮಾತು. ಹೊರಗೆ ರಸ್ತೆಯಲ್ಲಿ ಸಾವಿರ ಜನ ಕೂಗಿದ್ದು ಆ ಕಾಗದದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಹಾಗಾಗಿ ಬಹಿಷ್ಕಾರ ನನಗೆ ಸರಿ ಅನ್ನಿಸುವುದಿಲ್ಲ. ಧರಣಿ ಮಾಡಿ, ಮೆರವಣಿಗೆ ಹೋಗಿ, ಕಪ್ಪು ಪಟ್ಟಿ ಕಟ್ಟಿಕೊಳ್ಳಿ. ಆಮೇಲೆ ಒಳಗೆ ಹೋಗಿ ಹೆಸರು, ಊರು ಹೇಳಿ ಮಾತಾಡಿ.

ನಿಯಮ ಗೊತ್ತಿದ್ದರೆ ಒಳಗೆ ನಡೆಯುವುದನ್ನು ಹಿಡಿದು ಕೇಳಬಹುದು. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ನೋಟಿಸ್ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ ಆಗಿರಬೇಕು. ಪರಿಸರ ಪರಿಣಾಮದ ಕರಡು ವರದಿ ಮತ್ತು ಅದರ ಸಾರಾಂಶ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿ ಇಂಥ ಕಡೆ ಜನರಿಗೆ ನೋಡಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಪಂಚಾಯಿತಿಗೆ ಹೋದಾಗ ವರದಿ ಬಂದೇ ಇಲ್ಲ ಅಂದರೆ, ಬಾಯಿಮಾತಿಗೆ ಬಿಡಬೇಡಿ. ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಆ ಒಂದು ಸೀಲು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಸಭೆ ಯೋಜನೆಯ ಜಾಗದಲ್ಲೇ ಅಥವಾ ಅದರ ಹತ್ತಿರ ನಡೆಯಬೇಕು. ಡಿಸಿ, ಅಥವಾ ಎಡಿಸಿ (ಹೆಚ್ಚುವರಿ ಜಿಲ್ಲಾಧಿಕಾರಿ) ದರ್ಜೆಗಿಂತ ಕೆಳಗಿಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಮೊದಲು ಕಂಪನಿಯವರು ಯೋಜನೆ ವಿವರಿಸುತ್ತಾರೆ. ಆಮೇಲೆ ಅಲ್ಲಿರುವ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವ ಅವಕಾಶ ಇದೆ. ಪೂರ್ತಿ ಸಭೆಯ ವಿಡಿಯೊ ಆಗಬೇಕು. ಕೊನೆಯ ಭಾಗ ತುಂಬಾ ಮುಖ್ಯ. ಬಹಳ ಜನ ಅಷ್ಟು ಹೊತ್ತಿಗೆ ದಣಿದು ಊಟಕ್ಕೋ ಬಸ್ಸಿಗೋ ಎದ್ದು ಹೋಗಿರುತ್ತಾರೆ. ಸಭೆ ಮುಗಿಯುವಾಗ ಯಾರು ಏನು ಹೇಳಿದರು ಎಂಬುದರ ಸಾರಾಂಶವನ್ನು ಅಲ್ಲೇ, ಎಲ್ಲರ ಎದುರು, ಕನ್ನಡದಲ್ಲಿ ವಿವರಿಸಿ ಓದಬೇಕು. ಅದೇ ದಿನ ಅಧಿಕಾರಿ ಸಹಿ ಹಾಕಬೇಕು. ಓದುವವರೆಗೆ ಜಾಗ ಬಿಟ್ಟು ಏಳಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ, ಅಥವಾ ‘ಕೆಲವರು ವಿರೋಧಿಸಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರೆ, ಅಲ್ಲೇ ಎದ್ದು ಸರಿಪಡಿಸಿ ಅನ್ನಿ. ಮನೆಗೆ ಹೋಗಿ ಬೈದುಕೊಂಡರೆ ಆ ಸಾಲು ಬದಲಾಗುವುದಿಲ್ಲ.

ಈ ಕಾಗದಕ್ಕೆ ಇಷ್ಟು ಬೆಲೆ ಯಾಕೆ ಅಂತ ಛತ್ತೀಸ್‌ಗಢದ ರಾಯಗಢದ ಕತೆ ಹೇಳುತ್ತದೆ. 2008ರ ಜನವರಿಯಲ್ಲಿ ಅಲ್ಲಿ ಜಿಂದಾಲ್ ಸ್ಟೀಲ್ ಆ್ಯಂಡ್ ಪವರ್‌ನ ಕಲ್ಲಿದ್ದಲು ಗಣಿಗಾಗಿ ಅಹವಾಲು ಸಭೆ ನಡೆಯಿತು. ವಿರೋಧಿಸಿದ ಜನರ ಮೇಲೆ ಲಾಠಿ ಬೀಸಲಾಯಿತು. ಆಮೇಲೆ ಅನುಮತಿಯೂ ಸಿಕ್ಕಿತು. ರಾಯಗಢ ಪಟ್ಟಣದಲ್ಲಿ ಸಣ್ಣ ಇಂಟರ್‌ನೆಟ್ ಕೆಫೆ ನಡೆಸುತ್ತಿದ್ದ ರಮೇಶ್ ಅಗ್ರವಾಲ್ ಮತ್ತು ಅವರ ಜೊತೆಗಾರರು ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಒಂದೊಂದೇ ದಾಖಲೆ ತೆಗೆಸಿದರು, ಹಳ್ಳಿಯವರಿಗೆ ಓದಿ ಹೇಳಿದರು, ಕೋರ್ಟಿಗೆ ಹೋದರು. 2012ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಆ ಅಹವಾಲು ಸಭೆ ಸಭೆಯೇ ಅಲ್ಲ ಎಂಬಷ್ಟು ಕಟುವಾಗಿ ಹೇಳಿ ಅನುಮತಿಯನ್ನೇ ರದ್ದು ಮಾಡಿತು. ಅದಾಗಿ ಮೂರು ತಿಂಗಳಿಗೆ ರಮೇಶ್ ಅವರ ಮೇಲೆ ಗುಂಡಿನ ದಾಳಿ ಆಯಿತು. ಅವರು ಬದುಕಿ ಉಳಿದರು, 2014ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದರು. ಇಂಥ ಹೋರಾಟಕ್ಕೆ ಜನ ಎಷ್ಟು ಬೆಲೆ ತೆರುತ್ತಾರೆ ಅನ್ನುವುದನ್ನು ಮರೆಯಬಾರದು. ಆದರೆ ಆ ಗಣಿಯ ಅನುಮತಿ ಬಿದ್ದಿದ್ದು ಯಾವುದರಿಂದ? ಸಭೆ ನಿಯಮದಂತೆ ನಡೆದಿಲ್ಲ ಅಂತ ತೋರಿಸಲು ಆಧಾರ ಇದ್ದುದರಿಂದ.

ದೆಹಲಿ ಹೈಕೋರ್ಟ್ 2009ರಲ್ಲಿ, ಗೋವಾದ ಒಂದು ಗಣಿಗೆ ಸಂಬಂಧಿಸಿದ ಉತ್ಕರ್ಷ್ ಮಂಡಲ್ ಪ್ರಕರಣದಲ್ಲಿ, ಇನ್ನೊಂದು ದೊಡ್ಡ ಮಾತು ಹೇಳಿತು. ಜನ ಎತ್ತಿದ ಆಕ್ಷೇಪಣೆಗಳನ್ನು ತಜ್ಞರ ಸಮಿತಿ ಸುಮ್ಮನೆ ನೋಡಿ ಪಕ್ಕಕ್ಕಿಡುವಂತಿಲ್ಲ. ಅವುಗಳನ್ನು ಪರಿಗಣಿಸಬೇಕು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಕಾರಣ ಕೊಡಬೇಕು. ಅಂದರೆ ನೀವು ಸ್ಪಷ್ಟವಾಗಿ ಬರೆದುಕೊಟ್ಟ ಪ್ರತಿಯೊಂದು ಆಕ್ಷೇಪಣೆಗೂ ಉತ್ತರ ಕೊಡುವ ಭಾರ ಅವರ ಮೇಲೆ ಬೀಳುತ್ತದೆ. ಬರೆಯದೆ ಇದ್ದುದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ.

ಹಾಗಾದರೆ ಏನು ಬರೆಯಬೇಕು? ‘ನಮಗೆ ಈ ಯೋಜನೆ ಬೇಡ, ಪ್ರಕೃತಿ ಉಳಿಸಿ’ ಅಂತಷ್ಟೇ ಬರೆದರೆ ಸಮಿತಿ ‘ಗಮನಿಸಲಾಗಿದೆ’ ಅಂತ ಬರೆದು ಮುಂದೆ ಹೋಗುತ್ತದೆ. ವರದಿಯ ಪುಟ ಹಿಡಿದು ಕೇಳಿ. ‘ಇಂತಿಂಥ ಪುಟದಲ್ಲಿ ನಮ್ಮ ಹಳ್ಳ ಬೇಸಿಗೆಯಲ್ಲಿ ಬತ್ತುತ್ತದೆ ಅಂತ ಬರೆದಿದೆ. ಅದೇ ಹಳ್ಳದಿಂದ ಏಪ್ರಿಲ್‌ನಲ್ಲೂ ಇಷ್ಟು ಮನೆಯವರು ತೋಟಕ್ಕೆ ನೀರು ಬಿಡುತ್ತೇವೆ, ಫೋಟೊ ಲಗತ್ತಿಸಿದೆ’ ಅಂದರೆ ಅದಕ್ಕೆ ತೂಕ. ಈ ವರದಿಯನ್ನು ಬರೆಸುವುದು ಯೋಜನೆ ತರುವ ಕಂಪನಿಯೇ, ದುಡ್ಡು ಕೊಡುವುದೂ ಅದೇ. ಇಡೀ ವ್ಯವಸ್ಥೆಯ ದೊಡ್ಡ ದೋಷ ಇದು. ಅನೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು ಅಂತ ನಿಯಮ ಇದೆ. ಮಲೆನಾಡಿನಲ್ಲಿ ಮಳೆಗಾಲ ನೋಡದೆ ಏನು ತಿಳಿಯುತ್ತದೆ ಹೇಳಿ? ಗುಡ್ಡ ಕುಸಿಯುವುದು ಆಗಲೇ ಅಲ್ವಾ? ಯಾವ ತಿಂಗಳಲ್ಲಿ ಸರ್ವೆ ಮಾಡಿದ್ದಾರೆ ಅನ್ನುವುದನ್ನು ಮೊದಲು ನೋಡಿ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ, ಅಲ್ಲಿನ ಹಕ್ಕಿಗಳು ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿವೆ ಅಂತ ಬರೆದಿತ್ತು. ಕೊಂಕಣದಲ್ಲಿ ಆ ಮರಗಳೇ ಇಲ್ಲ. ರಷ್ಯಾದ ಗಣಿಯೊಂದರ ವರದಿಯಿಂದ ಎತ್ತಿದ ಸಾಲುಗಳವು. ಊರಿನ ಮರಗಿಡ ಬಲ್ಲ ಯಾರೇ ಓದಿದ್ದರೂ ಇದು ಸಿಕ್ಕಿಬೀಳುತ್ತಿತ್ತು. ನಿಮ್ಮ ಊರಿನ ವರದಿಯನ್ನೂ ಹಾಗೆ ಒಬ್ಬರಾದರೂ ಕೂತು ಓದಬೇಕು. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ನಿಮ್ಮ ಮಕ್ಕಳಿಗೆ ಈ ಕೆಲಸ ಹಚ್ಚಿ. ಊರಲ್ಲಿ ಜಮೀನು ಇರುವ ಅವರೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕಳಿಸಬಹುದು.

ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ ಅಂತ ಬಹಳ ಕಡೆ ಜನ ಗಲಾಟೆ ಮಾಡುತ್ತಾರೆ. ಅದು ನ್ಯಾಯವಾದ ಗಲಾಟೆ. ಇದೇ ಅಧಿಸೂಚನೆಯನ್ನು ಸಡಿಲಗೊಳಿಸಲು ಕೇಂದ್ರ 2020ರಲ್ಲಿ ಕರಡು ತಂದಿತ್ತು. ಸಭೆಯ ನೋಟಿಸ್ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾವವೂ ಅದರಲ್ಲಿತ್ತು. ಸ್ಥಳೀಯ ಭಾಷೆಗಳಲ್ಲಿ ಅದನ್ನು ಸರಿಯಾಗಿ ಜನರ ಮುಂದಿಡದೆ ಅಂತಿಮಗೊಳಿಸುವುದು ಬೇಡ ಅಂತ ಆ ವರ್ಷದ ಆಗಸ್ಟ್‌ನಲ್ಲಿ ತಡೆ ಕೊಟ್ಟಿದ್ದು ನಮ್ಮ ಕರ್ನಾಟಕ ಹೈಕೋರ್ಟ್.

ರಸ್ತೆಯ ಹೋರಾಟ ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ಎಷ್ಟೋ ಯೋಜನೆಗಳಿಗೆ ಈ ಸಭೆಯೇ ಇಲ್ಲ. ರೈಲು ಮಾರ್ಗಗಳು ಈ ಅಧಿಸೂಚನೆಯ ಪಟ್ಟಿಯಲ್ಲಿಲ್ಲ, ಹಾಗಾಗಿ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಜಗಳ ಕಾಡು ಮತ್ತು ವನ್ಯಜೀವಿ ಅನುಮತಿಯ ಸುತ್ತಲೇ ನಡೆಯಿತು. ಎತ್ತಿನಹೊಳೆ ‘ಕುಡಿಯುವ ನೀರಿನ ಯೋಜನೆ’ ಆದ್ದರಿಂದ ಪರಿಸರ ಅನುಮತಿಯಿಂದಲೇ ಹೊರಗೆ ಉಳಿಯಿತು. ಸೋಲಾರ್ ಪಾರ್ಕ್‌ಗೂ ಸಭೆ ಬೇಕಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಯೋಜನೆ ಬಂದಿದ್ದು ಹಾಗೆಯೇ. ಅಲ್ಲಿ ಜಮೀನು ಗುತ್ತಿಗೆಗೆ ಕೊಟ್ಟ ರೈತರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಜಮೀನೇ ಇಲ್ಲದೆ ಕೂಲಿಗೆ ಹೋಗುತ್ತಿದ್ದವರು ತಮ್ಮ ಕಷ್ಟ ಹೇಳಲು ಮೈಕ್ ಸಿಗುವ ಒಂದು ಸಭೆ ಮಾತ್ರ ಇರಲಿಲ್ಲ. ಹವಾಮಾನ ಬದಲಾವಣೆ ತಡೆಯಲು ಸೌರ ವಿದ್ಯುತ್ ಬೇಕೇ ಬೇಕು. ಆದರೆ ಇಷ್ಟು ದೊಡ್ಡ ಯೋಜನೆಗೆ ಜನರನ್ನು ಕೇಳಬೇಕಿಲ್ಲ ಅನ್ನುವ ವಿನಾಯಿತಿ ತಪ್ಪು.

ಹೋರಾಟದ ಜೊತೆ ಲೆಕ್ಕವೂ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬೇಡ್ತಿ ನದಿಯ ಅಣೆಕಟ್ಟಿನ ಕತೆ ಇದೆ. ಆಗ ಇಂಥ ಸಭೆಯ ಕಾನೂನು ಇರಲಿಲ್ಲ. ಉತ್ತರ ಕನ್ನಡದ ಅಡಿಕೆ ತೋಟದವರು ತಾವೇ 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಜಲವಿದ್ಯುತ್ ಯೋಜನೆಯಿಂದ ಸಿಗುವುದೆಷ್ಟು, ಮುಳುಗುವ ತೋಟ–ಕಾಡಿನಿಂದ ಕಳೆಯುವುದೆಷ್ಟು ಅಂತ ಕೂತು ಚರ್ಚೆ ಮಾಡಿಸಿದರು. ಸರ್ಕಾರ ಆ ಯೋಜನೆ ಕೈಬಿಟ್ಟಿತು.

ನಿಮ್ಮ ಊರಿನಲ್ಲಿ ಅರಣ್ಯ ಹಕ್ಕು ಇರುವ ಸಮುದಾಯದವರಿದ್ದರೆ ಅವರ ಗ್ರಾಮಸಭೆ ಬೇರೆಯೇ ವಿಷಯ, ಇದರ ಜೊತೆ ಬೆರೆಸಬೇಡಿ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 12 ಗ್ರಾಮಸಭೆಗಳು ನಡೆದವು. ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಅಂದವು. ಮರುವರ್ಷ ಕೇಂದ್ರ ಅನುಮತಿ ನಿರಾಕರಿಸಿತು. ಅಹವಾಲು ಸಭೆಯಲ್ಲಿ ಸಲಹೆ ಮಾತ್ರ ಆಗುವ ಜನರ ಮಾತು ಅಲ್ಲಿ ತೀರ್ಮಾನದ ಮಟ್ಟಕ್ಕೆ ಹೋಯಿತು.

ಇಷ್ಟೆಲ್ಲ ಆದ ಮೇಲೂ ಅನುಮತಿ ಸಿಕ್ಕಿಬಿಟ್ಟರೆ ಎನ್‌ಜಿಟಿಗೆ ಮೇಲ್ಮನವಿ ಹಾಕಬಹುದು. ಕರ್ನಾಟಕಕ್ಕೆ ಸೇರಿದ್ದು ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠ. ಗಡುವು 30 ದಿನ. ತಡವಾದುದಕ್ಕೆ ಸರಿಯಾದ ಕಾರಣ ಇದ್ದರೆ ಪೀಠ ಇನ್ನೂ 60 ದಿನದವರೆಗೆ ಒಪ್ಪಿಕೊಳ್ಳಬಹುದು, ಅದರಾಚೆಗೆ ಇಲ್ಲ. ಹಾಗಾಗಿ ಅನುಮತಿ ಪತ್ರ ಹೊರಬಿತ್ತಾ ಅಂತ ಸಚಿವಾಲಯದ ಪರಿವೇಶ್ ಜಾಲತಾಣವನ್ನು ನೋಡುತ್ತಿರಲು ಊರಿನಲ್ಲಿ ಯಾರಾದರೊಬ್ಬರಿಗೆ ಇವತ್ತೇ ಜವಾಬ್ದಾರಿ ಕೊಡಿ. ನಡಾವಳಿಯ ಪ್ರತಿ, ಸ್ವೀಕೃತಿ ಇರುವ ಅರ್ಜಿಗಳು, ನೀವೇ ಮೊಬೈಲ್‌ನಲ್ಲಿ ತೆಗೆದ ಸಭೆಯ ವಿಡಿಯೊ, ಎಲ್ಲವನ್ನೂ ಒಂದೇ ಕಡೆ ಜೋಪಾನವಾಗಿಡಿ. ವಕೀಲರು ಮೊದಲು ಕೇಳುವುದು ಅದನ್ನೇ.