ಡೆಡ್‌ಲಾಕ್: ನಿಂತಿದ್ದೆಲ್ಲ ಡೆಡ್‌ಲಾಕ್ ಅಲ್ರೀ

"ಸರ್, ಡೇಟಾಬೇಸ್ ಡೆಡ್‌ಲಾಕ್ ಆಗ್ಯಾದ್ರಿ. ಇಪ್ಪತ್ತು ನಿಮಿಷ ಆತು, ಒಂದು ಬಿಲ್ಲೂ ಹೊಂಟಿಲ್ಲ. ಸರ್ವರ್ ರೀಸ್ಟಾರ್ಟ್ ಹೊಡೀಲೇನ್ರಿ?"

ಫೋನ್ ಬಂದಿದ್ದು ಕಲಬುರಗಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಒಂದು ಅಡತಿ ಅಂಗಡಿಯಿಂದ. ಹೊರಗೆ ತೊಗರಿ ಚೀಲ ತುಂಬಿದ ಟೆಂಪೋಗಳ ಸಾಲು, ಒಳಗೆ ಬಿಲ್ ಮಾಡುವ ಹುಡುಗ ಬೆವರುತ್ತಿದ್ದಾನೆ. ಈ ಸಲದ ತೊಗರಿ ಸುಗ್ಗಿಯಲ್ಲಿ ಈ ಪದವನ್ನು ಹೀಗೆ ಕೇಳಿದ್ದು ನಾಲ್ಕನೇ ಸಲ. ನಾಲ್ಕರಲ್ಲಿ ಒಂದೂ ಡೆಡ್‌ಲಾಕ್ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

"ಇಪ್ಪತ್ತು ನಿಮಿಷ" ಎಂಬ ಮಾತೇ ಸಾಕಿತ್ತು. ಡೆಡ್‌ಲಾಕ್ ಅಷ್ಟು ಹೊತ್ತು ಬದುಕುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಒಳಗಿನ ಎಂಜಿನ್ ಇನ್ನೋಡಿಬಿ ಅದನ್ನು ಹುಟ್ಟಿದ ಕೂಡಲೇ ಹಿಡಿಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ 1 ಸೆಕೆಂಡ್ ಕಾದು ಆಮೇಲೆ ಹುಡುಕಲು ಹೊರಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಒಳಗಿನ ಕಾವಲುಗಾರ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಒಂದು ಸುತ್ತು ಹಾಕುತ್ತಾನೆ. ಸಿಕ್ಕಿದ ಕ್ಷಣ ಡೇಟಾಬೇಸು, ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡ ಇಬ್ಬರಲ್ಲಿ ಒಬ್ಬನನ್ನು ಹಿಂದಕ್ಕೆ ತಳ್ಳಿ, ಇನ್ನೊಬ್ಬನಿಗೆ ದಾರಿ ಬಿಡುತ್ತದೆ. ನೀವು ಫೋನ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಪ್ಪತ್ತು ನಿಮಿಷದಿಂದ ನಿಂತಿದೆ ಅಂದರೆ ಅದು ಬೇರೆ ಏನೋ. ಹೆಚ್ಚಾಗಿ ಬರೀ ಕಾಯುವಿಕೆ.

ಗಂಜಿನವರಿಗೆ ಗಂಜಿನ ಲೆಕ್ಕದಲ್ಲೇ ಹೇಳುತ್ತೇನೆ. ಗಲ್ಲಿಯಲ್ಲಿ ಒಂದು ಲಾರಿ ನಿಂತು ಹಮಾಲರು ಚೀಲ ಇಳಿಸುತ್ತಿದ್ದಾರೆ, ಹಿಂದೆ ಆರು ಗಾಡಿ ಹಾರ್ನ್ ಹೊಡೆಯುತ್ತಿವೆ. ಇದು ಕಾಯುವುದು. ಚೀಲ ಇಳಿದರೆ ದಾರಿ ತಾನಾಗಿಯೇ ಬಿಡುತ್ತದೆ. ಅದೇ ಗಲ್ಲಿಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಲಾರಿ ನುಗ್ಗಿ ಮೂತಿಗೆ ಮೂತಿ ಹಚ್ಚಿ ನಿಂತರೆ? ಸಂಜೆವರೆಗೆ ಕಾದರೂ ಏನೂ ಆಗುವುದಿಲ್ಲ. ಇವನಿಗೆ ಬೇಕಾದ ಜಾಗ ಅವನ ಹತ್ತಿರ, ಅವನಿಗೆ ಬೇಕಾದ ಜಾಗ ಇವನ ಹತ್ತಿರ. ಯಾರೋ ಒಬ್ಬರು ರಿವರ್ಸ್ ಹೋಗಲೇಬೇಕು. ಡೇಟಾಬೇಸಿನಲ್ಲಿ ಜಾಗದ ಬದಲು ಲಾಕ್ ಇರುತ್ತದೆ: ಟೇಬಲ್ಲಿನ ಒಂದು ಸಾಲನ್ನು ತಿದ್ದುವವನು ಮುಗಿಸುವವರೆಗೆ ಇನ್ನೊಬ್ಬ ಅದನ್ನು ತಿದ್ದದಂತೆ ಹಾಕುವ ತಡೆ. ಡೆಡ್‌ಲಾಕ್ ಅಂದರೆ ಇದು, ಇದು ಮಾತ್ರ.

ಗೊಂದಲಕ್ಕೆ ಅರ್ಧ ಕಾರಣ ಆ "ಡೆಡ್" ಎಂಬ ಪದ. ಡೆಡ್ ಅಂದರೆ ಸತ್ತದ್ದು ಅಂತ ನಾವು ಓದಿಕೊಳ್ಳುತ್ತೇವೆ. ಡೇಟಾಬೇಸ್ ಸತ್ತು ಬಿದ್ದಿದೆ, ಹಾಗಾಗಿ ಡೆಡ್‌ಲಾಕ್. ಆದರೆ ಇಂಗ್ಲಿಷಿನಲ್ಲಿ ಡೆಡ್ ಎಂಬುದಕ್ಕೆ "ಪೂರ್ತಿ, ಒಂದಿಷ್ಟೂ ಅಲುಗದ" ಎಂಬ ಅರ್ಥವೂ ಇದೆ. ಡೆಡ್ ಸ್ಲೋ, ಡೆಡ್ ಎಂಡ್ ಅನ್ನುವಾಗ ಯಾರೂ ಸತ್ತಿರುವುದಿಲ್ಲ ಅಲ್ವಾ? ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡೆಡ್ ಲಾಕ್ ಇನ್ನೊಂದು ದಾರಿ ತಪ್ಪಿಸುತ್ತದೆ. ಅದು ಸ್ಪ್ರಿಂಗ್ ಇಲ್ಲದ, ಕೀಲಿಕೈ ತಿರುಗಿಸಿದರೆ ಮಾತ್ರ ಸರಿಯುವ ಕೀಲಿ. ನಮ್ಮ ಕಡೆ ಬೀಗಕ್ಕೇ ಕೀಲಿ ಅನ್ನುವುದರಿಂದ "ಡೇಟಾಬೇಸಿಗೆ ಗಟ್ಟಿ ಕೀಲಿ ಬಿದ್ದದ" ಅಂತ ಅರ್ಥ ಮಾಡಿಕೊಂಡವರನ್ನೂ ನೋಡಿದ್ದೇನೆ. ಒಂದೇ ಕೀಲಿ ಬಿದ್ದರೆ ಡೆಡ್‌ಲಾಕ್ ಆಗುವುದಿಲ್ಲ ಮಾರಾಯ್ರೇ. ಕಡಿಮೆ ಅಂದರೂ ಎರಡು ಬೇಕು.

ಈ ಪದದ ಹುಟ್ಟು ಹುಡುಕಿದರೆ ಸಿಗುವುದು ಕಂಪ್ಯೂಟರ್ ಅಲ್ಲ, ನಾಟಕದ ರಂಗ. ನಿಘಂಟುಗಳು 1779ರ ಕಡೆಗೆ ಬೆರಳು ತೋರಿಸುತ್ತವೆ. ಆ ವರ್ಷ ಲಂಡನ್ನಿನಲ್ಲಿ ರಿಚರ್ಡ್ ಶೆರಿಡನ್ ಎಂಬ ನಾಟಕಕಾರನ "ದ ಕ್ರಿಟಿಕ್" ಎಂಬ ಪ್ರಹಸನ ರಂಗಕ್ಕೆ ಬಂತು. ಅದರೊಳಗೆ ಇನ್ನೊಂದು ನಾಟಕದ ತಾಲೀಮು ನಡೆಯುತ್ತಿರುತ್ತದೆ. ಒಬ್ಬ ಸ್ಪೇನಿನ ವೀರ. ಅವನನ್ನು ಇರಿಯಲು ಇಬ್ಬರು ಹುಡುಗಿಯರು ಬಾಕು ಎತ್ತುತ್ತಾರೆ. ತಕ್ಷಣ ಅವರ ಇಬ್ಬರು ಮಾವಂದಿರು ಅವರ ಕೈ ಹಿಡಿದು, ತಮ್ಮ ಕತ್ತಿಯ ಮೊನೆಯನ್ನು ವೀರನ ಕಡೆ ತಿರುಗಿಸುತ್ತಾರೆ. ವೀರನೂ ಬಿಡುವವನಲ್ಲ, ಎರಡು ಬಾಕು ಎಳೆದು ಹುಡುಗಿಯರ ಎದೆಗೆ ಹಿಡಿಯುತ್ತಾನೆ. ಈಗ ಹುಡುಗಿಯರು ಇರಿಯುವಂತಿಲ್ಲ, ಕೈ ಮಾವಂದಿರ ಹಿಡಿತದಲ್ಲಿದೆ. ಮಾವಂದಿರು ಹೊಡೆಯುವಂತಿಲ್ಲ, ಸೊಸೆಯರ ಜೀವ ಹೋಗುತ್ತದೆ. ವೀರನೂ ಹೊಡೆಯುವಂತಿಲ್ಲ, ಮಾವಂದಿರ ಕತ್ತಿ ಕಾದಿದೆ. ತಾಲೀಮು ಮಾಡಿಸುತ್ತಿರುವ ಕವಿ ಮಹಾಶಯ ಭಾರೀ ಖುಷಿಯಲ್ಲಿ ಇದನ್ನು "ಡೆಡ್ ಲಾಕ್" ಅನ್ನುತ್ತಾನೆ. ಮೊದಲು ಕೈ ಬಿಡಲು ಎಲ್ಲರಿಗೂ ಹೆದರಿಕೆ.

ಇಷ್ಟು ಚೆನ್ನಾಗಿ ಯಾವ ಕಂಪ್ಯೂಟರ್ ಪಠ್ಯದಲ್ಲೂ ವಿವರಿಸಿದ್ದನ್ನು ನಾನು ನೋಡಿಲ್ಲ. ಇಲ್ಲಿ ಯಾರೂ ಸತ್ತಿಲ್ಲ, ಯಾರೂ ಮಲಗಿಲ್ಲ. ಎಲ್ಲರೂ ಎದ್ದು ನಿಂತಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಏನೋ ಇದೆ, ಅದನ್ನು ಬಿಡದೆ ಇನ್ನೊಂದಕ್ಕೆ ಕಾಯುತ್ತಿದ್ದಾರೆ. ಇನ್ನೂ ಮಜಾ ಏನೆಂದರೆ ಗಂಟು ಬಿಚ್ಚುವ ರೀತಿ. ರಾಣಿಯ ಕಾವಲುಗಾರನೊಬ್ಬ ಬಂದು, ರಾಣಿಯ ಹೆಸರಲ್ಲಿ ಎಲ್ಲರೂ ಆಯುಧ ಕೆಳಗಿಡಿ ಅನ್ನುತ್ತಾನೆ. ಇಡುತ್ತಾರೆ. ಇನ್ನೋಡಿಬಿ ಒಳಗೆ ಕೂತವನೂ ಅವನೇ. ಆದರೆ ಎಲ್ಲರ ಬದಲು ಒಬ್ಬನಿಗೆ ಮಾತ್ರ ಹೇಳುತ್ತಾನೆ, ಅದೂ ಸಾಮಾನ್ಯವಾಗಿ ಕಡಿಮೆ ಸಾಲು ಬದಲಿಸಿದವನಿಗೆ. ಪಾಪ, ಅವನಿಗೆ "ವಿಕ್ಟಿಮ್" ಅಂತ ಹೆಸರು.

ಕಂಪ್ಯೂಟರ್ ಲೋಕದಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1960ರ ದಶಕದಲ್ಲಿ ಇದನ್ನು "ಸಾವಿನ ಅಪ್ಪುಗೆ" ಎಂದು ಕರೆದಿದ್ದರು. ಆ ಹೆಸರೇ ಉಳಿದಿದ್ದರೆ ನಮಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಒಬ್ಬನೇ ಅಪ್ಪಿಕೊಳ್ಳಲು ಬರುವುದಿಲ್ಲವಲ್ಲ. ನಮ್ಮ ಪೇಪರಿನವರು ಸದನದ ಡೆಡ್‌ಲಾಕಿಗೆ "ಬಿಕ್ಕಟ್ಟು" ಅಂತ ಬರೆಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬಿಕ್ಕಟ್ಟು ಯಾವುದಕ್ಕೂ ಬರಬಹುದು, ದುಡ್ಡಿಗೂ ನೀರಿಗೂ. "ಕಗ್ಗಂಟು" ಹತ್ತಿರ ಬರುತ್ತದೆ. ಎರಡೂ ತುದಿ ಜಗ್ಗಿದಷ್ಟೂ ಬಿಗಿ.

ಈಗ ಆ ಹುಡುಗನ ವಿಷಯ. ಎರರ್ ನಂಬರ್ ಎಷ್ಟು ಅಂತ ಕೇಳಿದೆ. "1205 ರೀ. ನೆಟ್‌ನಾಗ ನೋಡೀನಿ, 1205 ಅಂದ್ರ ಡೆಡ್‌ಲಾಕ್ ಅಂತನೇ ಅದ."

ಅವನದು ತಪ್ಪಲ್ಲ. 1205 ಅಂದರೆ ಡೆಡ್‌ಲಾಕ್ ಹೌದು, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ. ಅವನ ಅಂಗಡಿಯಲ್ಲಿ ಇರುವುದು ಮೈಎಸ್‌ಕ್ಯೂಎಲ್. ಅಲ್ಲಿ 1205 ಅಂದರೆ ಲಾಕ್‌ಗಾಗಿ ಕಾದು ಕಾದು ಹೊತ್ತು ಮೀರಿತು ಅಂತ. ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ ಆ ಹೊತ್ತು 50 ಸೆಕೆಂಡ್. ಮೈಎಸ್‌ಕ್ಯೂಎಲ್‌ನ ಡೆಡ್‌ಲಾಕಿಗೆ ನಂಬರ್ 1213. ಸಾಲದ್ದಕ್ಕೆ ಎರಡೂ ಸಂದೇಶಗಳ ಬಾಲ ಒಂದೇ: ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲ ಒಂದೂ ಆಗಬಾರದು ಎಂಬ ಕೆಲಸಗಳ ಕಟ್ಟು) ಮತ್ತೆ ಶುರು ಮಾಡಿ ನೋಡಿ ಅಂತ. ಬಾಲ ನೋಡಿ ಹಾವು ಯಾವುದು ಅಂತ ಹೇಳಲು ಹೋದರೆ ಹೀಗೇ ಆಗುತ್ತದೆ. ಒರಾಕಲ್‌ನವರು ಹುಡುಕುವುದು ಓಆರ್‌ಎ 60, ಪೋಸ್ಟ್‌ಗ್ರೆಸ್‌ನವರು 40ಪಿ01.

ಹೆಸರು ಏನಾದರೇನು, ಕೆಲಸ ಆದರೆ ಸಾಕು ಅನ್ನುವವರಿಗೆ ಒಂದು ಹಳೆಯ ಕತೆ ಹೇಳುತ್ತೇನೆ. ಒಂದು ದಾಲ್‌ಮಿಲ್ಲಿನ ಸ್ಟಾಕ್ ಲೆಕ್ಕ. ಒಂದನೇ ಗೋದಾಮಿನಿಂದ ಎರಡನೆಯದಕ್ಕೆ 40 ಚೀಲ ಸಾಗಿಸಬೇಕು. ಮೊದಲ ಅಪ್‌ಡೇಟ್ ಅಲ್ಲಿ 40 ಕಳೆಯುತ್ತದೆ, ಎರಡನೆಯದು ಇಲ್ಲಿ 40 ಕೂಡಿಸುತ್ತದೆ. ಎರಡನೆಯದಕ್ಕೆ 1205 ಬಂತು. ಪ್ರೋಗ್ರಾಂ ಬರೆದವನು "ಡೆಡ್‌ಲಾಕ್ ಬಂದರೆ ಡೇಟಾಬೇಸೇ ಎಲ್ಲ ರೋಲ್‌ಬ್ಯಾಕ್ ಮಾಡಿರುತ್ತದೆ" ಅಂತ, ಅಂದರೆ ಮಾಡಿದ್ದೆಲ್ಲ ಅಳಿಸಿ ಹಿಂದಿನಂತೆ ಇಟ್ಟಿರುತ್ತದೆ ಅಂತ ನಂಬಿ, ಎರರ್ ನುಂಗಿ, ಮುಂದೆ ಕಮಿಟ್ (ಬದಲಾವಣೆ ಖಾಯಂ ಮಾಡುವ ಆದೇಶ) ಬರೆದಿದ್ದ. ಅವನ ನಂಬಿಕೆ 1213ಕ್ಕೆ ಸರಿ, ಅಲ್ಲಿ ಇಡೀ ಟ್ರಾನ್ಸಾಕ್ಷನ್ ಹಿಂದೆ ಹೋಗುತ್ತದೆ. 1205ಕ್ಕೆ ಹಾಗಲ್ಲ. ನೀವಾಗಿ ಸೆಟ್ಟಿಂಗ್ ಬದಲಿಸದಿದ್ದರೆ ಆ ಕೊನೆಯ ಸ್ಟೇಟ್‌ಮೆಂಟ್ ಮಾತ್ರ ರದ್ದು. ಮೊದಲಿನ ಅಪ್‌ಡೇಟ್, ಅದರ ಲಾಕ್ ಎರಡೂ ಹಾಗೇ ಇರುತ್ತವೆ. ಕಮಿಟ್ ಆಯಿತು. 40 ಚೀಲ ಒಂದರಲ್ಲಿ ಕಳೆದವು, ಇನ್ನೊಂದರಲ್ಲಿ ಕೂಡಲಿಲ್ಲ. "ಇಲಿ ತಿಂದಿರಬೇಕು ಬಿಡ್ರಿ" ಅಂದರು ಮುನೀಮರು, ಮುಖ ಗಂಟಿಕ್ಕಿಕೊಂಡೇ. ಒರಾಕಲ್‌ನಲ್ಲಿ ನಿಜವಾದ ಡೆಡ್‌ಲಾಕ್ ಬಂದರೂ ಹಿಂದೆ ಹೋಗುವುದು ಆ ಒಂದು ಸ್ಟೇಟ್‌ಮೆಂಟ್ ಮಾತ್ರ, ಉಳಿದದ್ದನ್ನು ನೀವೇ ರೋಲ್‌ಬ್ಯಾಕ್ ಮಾಡಬೇಕು. ಎರರ್ ಯಾವುದೇ ಇರಲಿ, ಮೊದಲು ನೀವೇ ರೋಲ್‌ಬ್ಯಾಕ್ ಹೇಳಿ, ಆಮೇಲೆ ಇಡೀ ಟ್ರಾನ್ಸಾಕ್ಷನ್ ಮೊದಲಿನಿಂದ ಓಡಿಸಿ. ಕೊನೆಯ ಸ್ಟೇಟ್‌ಮೆಂಟನ್ನಷ್ಟೇ ಮತ್ತೆ ಓಡಿಸುವುದು ನಮ್ಮವರಿಗೆ ಎಲ್ಲಿಂದ ಅಂಟಿದ ಚಟವೋ.

ಅದೇ ಮಿಲ್ಲಿನಲ್ಲಿ ನಿಜವಾದ ಡೆಡ್‌ಲಾಕೂ ಇತ್ತು. ಒಬ್ಬ ಒಂದನೇ ಗೋದಾಮಿನಿಂದ ಎರಡಕ್ಕೆ ಸಾಗಿಸುತ್ತಾನೆ, ಅದೇ ಹೊತ್ತಿಗೆ ಇನ್ನೊಬ್ಬ ಎರಡರಿಂದ ಒಂದಕ್ಕೆ. ಇವನು ಒಂದನೇ ಸಾಲು ಹಿಡಿದು ಎರಡನೆಯದಕ್ಕೆ ಕಾಯುತ್ತಾನೆ, ಅವನು ಎರಡನೆಯದು ಹಿಡಿದು ಒಂದಕ್ಕೆ. ದಿನಕ್ಕೆ ಎರಡು ಮೂರು ಸಲ 1213 ಬರುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಸಾಗಣೆ ಯಾವ ಕಡೆಗೇ ಇರಲಿ, ಚಿಕ್ಕ ನಂಬರಿನ ಗೋದಾಮನ್ನೇ ಮೊದಲು ಅಪ್‌ಡೇಟ್ ಮಾಡು ಅಂತ ತಿದ್ದಿದ ಮೇಲೆ ನಿಂತಿತು. ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದರೆ ಮೂತಿಗೆ ಮೂತಿ ಹಚ್ಚುವ ಪ್ರಶ್ನೆಯೇ ಇಲ್ಲ. ಹೀಗೆ ಆಗಿದೆಯೋ ಇಲ್ಲವೋ ನೋಡಲು "ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್" ಎಂಬ ಆದೇಶ ಕೊಡಿ. ಅದು ಕೊನೆಯ ಡೆಡ್‌ಲಾಕ್ ಒಂದನ್ನೇ ತೋರಿಸುತ್ತದೆ ಅನ್ನುವುದು ನೆನಪಿರಲಿ. ಎಷ್ಟೋ ಜನ ಹಳೆಯ ಡೆಡ್‌ಲಾಕ್ ನೋಡಿ ಇವತ್ತಿನದು ಅಂದುಕೊಳ್ಳುತ್ತಾರೆ. ಮೇಲೆ ತಾರೀಖು, ಸಮಯ ಇರುತ್ತದೆ, ಓದಿ ಸ್ವಾಮೀ.

ಡೇಟಾಬೇಸಿಗೆ ಕಾಣದ ಡೆಡ್‌ಲಾಕ್ ಒಂದಿದೆ, ಅದನ್ನು ಒಪ್ಪಬೇಕು. ಅರ್ಧ ಕಾಯುವಿಕೆ ಡೇಟಾಬೇಸಿನೊಳಗೆ, ಇನ್ನರ್ಧ ನಿಮ್ಮ ಪ್ರೋಗ್ರಾಂ ಒಳಗೆ ಇದ್ದಾಗ ಕಾವಲುಗಾರನಿಗೆ ಅರ್ಧ ವೃತ್ತವೇ ಕಾಣುತ್ತದೆ. ಅದು ಮಾತ್ರ ಗಂಟೆಗಟ್ಟಲೆ ನಿಲ್ಲಬಲ್ಲದು. ಆದರೆ ಅದು ಅಪರೂಪ.

ಅಡತಿ ಅಂಗಡಿಯಲ್ಲಿ ಇದ್ದದ್ದು ಅದೂ ಅಲ್ಲ. "ರೀಸ್ಟಾರ್ಟ್ ಬ್ಯಾಡ, ತಡಿಯಪ್ಪ" ಅಂದು ಸಿಸ್ ಸ್ಕೀಮಾದಲ್ಲಿ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ತೋರಿಸುವ ಇನ್ನೋಡಿಬಿ ಲಾಕ್ ವೇಟ್ಸ್ ಎಂಬ ವ್ಯೂ ತೆರೆದು ನೋಡಿದೆ. ಕಾಯುತ್ತಿದ್ದವು ಐದು ಕನೆಕ್ಷನ್. ಐದನ್ನೂ ತಡೆದು ಕೂತಿದ್ದು ಒಂದೇ. ಅದರ ಸ್ಥಿತಿ ಸ್ಲೀಪ್, 23 ನಿಮಿಷದಿಂದ. ಪಕ್ಕದ ಮೇಜಿನ ಹಿರಿಯರು ಒಂದು ಲಾಟಿನ ತೂಕ ತಿದ್ದಲು ನೇರವಾಗಿ ಟೇಬಲ್ ತೆರೆದಿದ್ದರು. ಆಟೋಕಮಿಟ್ (ತಾನಾಗಿಯೇ ಕಮಿಟ್ ಆಗುವ ಸೆಟ್ಟಿಂಗ್) ಆಫ್. ಅಪ್‌ಡೇಟ್ ಕೊಟ್ಟು, ಕಮಿಟ್ ಮರೆತು, ರೊಟ್ಟಿ ಊಟಕ್ಕೆ ಎದ್ದು ಹೋಗಿದ್ದರು. ಲಾಟ್ ನಂಬರ್ ಕಾಲಮ್ಮಿಗೆ ಬೇಗ ಹುಡುಕಲು ಬೇಕಾದ ಇಂಡೆಕ್ಸೂ ಇರಲಿಲ್ಲ. ಹಾಗಾಗಿ ಒಂದು ಸಾಲು ಹುಡುಕಲು ಇಡೀ ಟೇಬಲ್ ತಡಕಿದ ಇನ್ನೋಡಿಬಿ, ದಾರಿಯಲ್ಲಿ ಸಿಕ್ಕ ಎಲ್ಲ ಸಾಲಿಗೂ ಲಾಕ್ ಹಾಕಿಕೊಂಡು ಕೂತಿತ್ತು. ಆ ಕನೆಕ್ಷನ್ನಿನ ನಂಬರ್ ಹಿಡಿದು ಕಿಲ್ ಕೊಟ್ಟೆ. ಐದೂ ಬಿಲ್ ಹೊರಟವು. ಪೋಸ್ಟ್‌ಗ್ರೆಸ್ ಆಗಿದ್ದರೆ ಇಂಥ ಮಲಗಿದ ಕನೆಕ್ಷನ್ನಿಗೆ ಕ್ಯಾನ್ಸಲ್ ಕೊಟ್ಟು ಪ್ರಯೋಜನ ಇಲ್ಲ, ಓಡುವ ಕ್ವೆರಿಯೇ ಇಲ್ಲವಲ್ಲ. ಟರ್ಮಿನೇಟ್ ಮಾಡಬೇಕು.

ಹುಡುಗನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. "ಆತ್ರಿ ಸರ್, ಇನ್ನ ಡೆಡ್‌ಲಾಕ್ ಅನ್ನಂಗಿಲ್ಲ" ಅಂದ. ಮಾತು ಉಳಿಸಿಕೊಂಡಿದ್ದಾನೆ. ನಿನ್ನೆ ಮತ್ತೆ ಫೋನ್ ಮಾಡಿದ್ದ. "ಸರ್, ಡೇಟಾಬೇಸ್ ಕರಪ್ಟ್ ಆಗ್ಯಾದ್ರಿ" ಅಂದ. ಹಿರಿಯರು ಮತ್ತೆ ಊಟಕ್ಕೆ ಹೋಗಿದ್ದರು.