ಎಡಿಟ್ ಮಾಡಿದ್ದು ಎಲ್ಲಿ ಉಳಿಯುತ್ತದೆ? ಫೋಟೋ ಸಾಫ್ಟ್‌ವೇರ್ ಆಯ್ಕೆಯ ಹಿನ್ನೆಲೆ

ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ಕಾಸರಗೋಡಿನ ಫೋಟೋಗ್ರಾಫರುಗಳಿಗೆ ಬಿಡುವಿಲ್ಲ. ಹಗಲು ಮದುವೆ, ರಾತ್ರಿ ಯಕ್ಷಗಾನ, ಇಲ್ಲವೇ ತೆಯ್ಯಂ ಎಂಬ ದೈವಾರಾಧನೆಯ ಉತ್ಸವವಾದ ಕಳಿಯಾಟ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಸೆನ್ಸರಿನ ಕಚ್ಚಾ ಮಾಹಿತಿ) ಸುಮಾರು 25ರಿಂದ 30 ಎಂಬಿ ತೂಗುತ್ತದೆ. ಒಂದು ಮದುವೆಗೆ 3,000 ಕ್ಲಿಕ್ ಎಂದರೂ 75ರಿಂದ 90 ಜಿಬಿ. ಇದನ್ನೆಲ್ಲ ಆರಿಸಿ, ಬಣ್ಣ ಸರಿಮಾಡಿ, ಆಲ್ಬಮ್ಮಿಗೆ ಇಳಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದರೆ, ಯಾವುದರಲ್ಲಿ ಯಾವ ಸ್ಲೈಡರ್ ಇದೆ ಎಂಬ ಪಟ್ಟಿಯೇ ಉತ್ತರವಾಗಿ ಬರುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ. ಮಾಡಿದ ಎಡಿಟ್ ಯಾವ ಫೈಲಿನಲ್ಲಿ ಬರೆದಿಡಲಾಗುತ್ತದೆ? ಆ ಕಂಪೆನಿ ಅಂಗಡಿ ಮುಚ್ಚಿದ ದಿನ ಅದನ್ನು ಓದಲು ಬೇರೆ ಯಾರಿಗೆ ಸಾಧ್ಯ? ಕಳೆದ ಮೂರೂವರೆ ದಶಕಗಳಲ್ಲಿ ಪೆಟ್ಟು ತಿಂದವರೆಲ್ಲ ಹೆಚ್ಚಾಗಿ ಇಲ್ಲಿಯೇ ತಿಂದಿದ್ದಾರೆ.

ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ರೂಪಿಸಿದ ಫೋಟೋಶಾಪ್ ಅನ್ನು ಅಡೋಬಿ 1990ರ ಫೆಬ್ರುವರಿಯಲ್ಲಿ ಮ್ಯಾಕ್ ಕಂಪ್ಯೂಟರುಗಳಿಗಾಗಿ ಹೊರತಂದಿತು. ಚಿತ್ರದ ಮೇಲೆ ಪದರ ಪದರವಾಗಿ ಕೆಲಸಮಾಡುವ ಲೇಯರ್ ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ನಮ್ಮ ಊರಿನ ಸ್ಟುಡಿಯೊಗಳು ಡಿಜಿಟಲ್ ಆಗುವ ಹೊತ್ತಿಗೆ 2002ರ ಫೋಟೋಶಾಪ್ 7 ಬಂದು ಬೇರೂರಿತು. ಆಗಿನ ಕ್ರಮ ಸರಳ: ಜೆಪೆಗ್ ತೆರೆ, ಕರ್ವ್ಸ್ ಎಳೆ, ಅದೇ ಹೆಸರಿಗೆ ಸೇವ್ ಮಾಡು. ಮೂಲಚಿತ್ರ ಅಲ್ಲಿಗೆ ಮುಗಿಯಿತು. ಪ್ರತಿ ಸೇವ್‌ನಲ್ಲೂ ಜೆಪೆಗ್ ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. 8 ಬಿಟ್ಟಿನಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಮಟ್ಟ, ಹಾಗಾಗಿ ಕತ್ತಲ ಭಾಗವನ್ನು ಮೇಲೆತ್ತಿದರೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. 14 ಬಿಟ್ ರಾ ಫೈಲಿನಲ್ಲಿ ಅದೇ ಜಾಗಕ್ಕೆ 16,384 ಮಟ್ಟಗಳಿರುತ್ತವೆ.

ರಾ ಫೈಲನ್ನು ಓದುವ ದಾರಿ ತೆರೆದವರಲ್ಲಿ ಡೇವ್ ಕಾಫಿನ್ ಮುಖ್ಯರು. 1997ರಲ್ಲಿ ಅವರು ಶುರುಮಾಡಿದ ಡಿಸಿರಾ ಎಂಬ ಮುಕ್ತ ಪ್ರೋಗ್ರಾಂ ಮುಂದೆ ಹಲವು ಸಾಫ್ಟ್‌ವೇರ್‌ಗಳಿಗೆ ಆಧಾರವಾಯಿತು. ಅಡೋಬಿಯ ಕ್ಯಾಮೆರಾ ರಾ 2003ರಲ್ಲಿ ಫೋಟೋಶಾಪ್ 7ಕ್ಕೆ ಪ್ಲಗಿನ್ ಆಗಿ ಬಂತು. ದೊಡ್ಡ ತಿರುವು 2005ರ ನವೆಂಬರಿನಲ್ಲಿ ಆ್ಯಪಲ್ ತಂದ ಅಪರ್ಚರ್ ಎಂಬ ಸಾಫ್ಟ್‌ವೇರ್. 2006ರ ಜನವರಿಯಲ್ಲಿ ಅಡೋಬಿಯ ಲೈಟ್‌ರೂಮಿನ ಬೀಟಾ (ಪರೀಕ್ಷಾ ಆವೃತ್ತಿ), 2007ರ ಫೆಬ್ರುವರಿಯಲ್ಲಿ ಅದರ ಮೊದಲ ಆವೃತ್ತಿ ಬಂತು. ಇವು ಪಿಕ್ಸೆಲ್ ಮುಟ್ಟುವುದಿಲ್ಲ. ‘ಎಕ್ಸ್‌ಪೋಶರ್ ಇಷ್ಟು, ಕ್ರಾಪ್ ಇಲ್ಲಿ’ ಎಂಬ ಸೂಚನೆಗಳನ್ನಷ್ಟೇ ಬರೆದಿಟ್ಟುಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ ಲೆಕ್ಕಹಾಕಿ ಹೊಸ ಚಿತ್ರ ಕೊಡುತ್ತವೆ. ಮೂಲ ಉಳಿಯಿತು, ಒಂದು ಚಿತ್ರದ ಎಡಿಟ್ ಇನ್ನೂರು ಚಿತ್ರಕ್ಕೆ ಒಮ್ಮೆಗೇ ಹಾಕಬಹುದಾಯಿತು. ಆದರೆ ಸೂಚನೆಗಳು ಅದೇ ಸಾಫ್ಟ್‌ವೇರಿನ ಭಾಷೆಯಲ್ಲಿರುತ್ತವೆ. ಲೈಟ್‌ರೂಮಿನ ಎಡಿಟನ್ನು ಕ್ಯಾಪ್ಚರ್ ವನ್ ಎಂಬ ಇನ್ನೊಂದು ಸಾಫ್ಟ್‌ವೇರ್ ಪೂರ್ತಿಯಾಗಿ ಅರ್ಥಮಾಡಿಕೊಳ್ಳುವುದಿಲ್ಲ.

ಇದರ ಬಿಸಿ ತಟ್ಟಿದವರಲ್ಲಿ ಪಿಕಾಸಾ ಬಳಸಿದವರೂ ಇದ್ದಾರೆ. ಗೂಗಲ್ 2004ರಲ್ಲಿ ಕೊಂಡು ಉಚಿತವಾಗಿ ಕೊಟ್ಟ ಈ ಸಾಫ್ಟ್‌ವೇರ್ 2016ರಲ್ಲಿ ನಿಂತುಹೋಯಿತು. ಅದು ಎಡಿಟ್‌ಗಳನ್ನು ಪ್ರತಿ ಫೋಲ್ಡರಿನಲ್ಲಿ ಅಡಗಿದ ಒಂದು ಐಎನ್‌ಐ ಫೈಲಿನಲ್ಲಿ ಬರೆಯುತ್ತಿತ್ತು, ಸೇವ್ ಒತ್ತಿದರೆ ಮೂಲಚಿತ್ರವನ್ನು ‘ಪಿಕಾಸಾ ಒರಿಜಿನಲ್ಸ್’ ಎಂಬ ಅಡಗಿದ ಫೋಲ್ಡರಿಗೆ ಸರಿಸುತ್ತಿತ್ತು. ಹಳೆಯ ಹಾರ್ಡ್‌ಡಿಸ್ಕ್ ಖಾಲಿಮಾಡುವಾಗ ಈ ಫೋಲ್ಡರನ್ನು ಕಸವೆಂದು ಅಳಿಸಿದರೆ ಉಳಿಯುವುದು ಎಡಿಟ್ ಆದ ಪ್ರತಿ ಮಾತ್ರ. ಇಂಥ ಡಿಸ್ಕ್ ನಿಮ್ಮಲ್ಲಿದ್ದರೆ ಹಿಡನ್ ಫೈಲ್‌ಗಳು ಕಾಣುವಂತೆ ಮಾಡಿ, ಆಮೇಲೆ ನಕಲು ತೆಗೆಯಿರಿ. ಅಪರ್ಚರ್ ಅನ್ನು ನಿಲ್ಲಿಸುವುದಾಗಿ ಆ್ಯಪಲ್ 2014ರಲ್ಲಿ ಪ್ರಕಟಿಸಿತು. ಮ್ಯಾಕ್‌ನ 2019ರ ಆವೃತ್ತಿ ಕ್ಯಾಟಲಿನಾದಲ್ಲಿ ಅದು ತೆರೆಯುವುದೇ ಇಲ್ಲ.

ಮುಂದಿನದು ಬಾಡಿಗೆಯ ಕಾಲ. 2013ರ ಮೇಯಲ್ಲಿ ಅಡೋಬಿ ಇನ್ನು ಮುಂದೆ ಫೋಟೋಶಾಪಿನ ಹೊಸ ಆವೃತ್ತಿ ಚಂದಾದಾರರಿಗೆ ಮಾತ್ರ ಎಂದಿತು. ಒಮ್ಮೆ ಹಣಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ 2015ರ ಆರನೆಯ ಆವೃತ್ತಿ, ಅದರ ಕೊನೆಯ ಅಪ್‌ಡೇಟ್ 2017ರ ಡಿಸೆಂಬರಿನ 6.14. ಮರುವರ್ಷವೇ ಕೆನಾನ್ ಸಿಆರ್3 ಎಂಬ ಹೊಸ ರಾ ಫೈಲ್ ತಂದಿತು. ಹೊಸ ಕ್ಯಾಮೆರಾ ಕೊಂಡು ಹಳೆ ಲೈಟ್‌ರೂಮಿಗೆ ಹಾಕಿದವರಿಗೆ ‘ಈ ಫೈಲ್ ತೆರೆಯಲಾಗದು’ ಎಂಬ ಉತ್ತರ ಸಿಕ್ಕಿದ್ದು ಇದಕ್ಕೇ. ದಾರಿ ಇದೆ: ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರಿನಲ್ಲಿ ಫೈಲುಗಳನ್ನು ಡಿಎನ್‌ಜಿಗೆ (ಅಡೋಬಿ ರೂಪಿಸಿದ ಮುಕ್ತ ರಾ ಫೈಲ್ ಮಾದರಿ) ತಿರುಗಿಸಿದರೆ ಹಳೆಯದರಲ್ಲೂ ತೆರೆಯುತ್ತವೆ. ಸಮಯ ಮತ್ತು ಜಾಗ ಎರಡೂ ಹೆಚ್ಚು ಬೇಕು, ಅಷ್ಟೇ.

ಚಂದಾ ಎಂದರೆ ಪ್ರತಿ ತಿಂಗಳೂ ಕಾರ್ಡ್ ನಡೆಯಬೇಕು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಾಗ ತನ್ನಷ್ಟಕ್ಕೆ ಕಡಿತವಾಗುತ್ತಿದ್ದ ಎಷ್ಟೋ ಪಾವತಿಗಳು ನಿಂತವು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ಮುಗಿದರೆ ಚಿತ್ರ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಎಡಿಟ್ ಮಾಡುವ ಡೆವಲಪ್ ಮತ್ತು ನಕ್ಷೆಯ ಮ್ಯಾಪ್ ಭಾಗಗಳು ಮುಚ್ಚಿರುತ್ತವೆ. ಹಾಗಾಗಿ ಚಂದಾ ಬಿಡುವವರು ಗಾಬರಿಯಾಗಬೇಕಿಲ್ಲ, ಹಳೆಯ ಕೆಲಸವನ್ನು ಹೊರತೆಗೆಯಲು ಅವಕಾಶವಿದೆ. ವರ್ಷಕ್ಕೆ ನಾಲ್ಕಾರು ಮದುವೆ ಮಾತ್ರ ಮಾಡುವವರಿಗೆ ತಿಂಗಳ ಬಾಡಿಗೆ ಲಾಭದ ಲೆಕ್ಕವಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೈಟ್‌ರೂಮ್ ಬಳಸುವವರು ಇವತ್ತೇ ಮಾಡಬಹುದಾದದ್ದು ಒಂದಿದೆ. ಎಡಿಟ್‌ಗಳೆಲ್ಲ ಕ್ಯಾಟಲಾಗ್ ಎಂಬ ಡೇಟಾಬೇಸಿನಲ್ಲಿರುತ್ತವೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಬದಲಾವಣೆಗಳನ್ನು ತನ್ನಷ್ಟಕ್ಕೆ ಎಕ್ಸ್‌ಎಂಪಿ ಎಂಬ ಪುಟ್ಟ ಮಾಹಿತಿ ಫೈಲಿಗೆ ಬರೆಯುವ ಆಯ್ಕೆಗೆ ಟಿಕ್ ಹಾಕಿ, ಅಥವಾ ಲೈಬ್ರರಿಯಲ್ಲಿ ಎಲ್ಲ ಚಿತ್ರ ಆರಿಸಿ ಕಂಟ್ರೋಲ್-ಎಸ್ ಒತ್ತಿ. ಆಗ ಪ್ರತಿ ರಾ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಎಕ್ಸ್‌ಎಂಪಿ ಫೈಲ್ ಬರುತ್ತದೆ. ಕ್ಯಾಟಲಾಗ್ ಕೆಟ್ಟರೂ ಎಡಿಟ್, ಸ್ಟಾರ್, ಶೀರ್ಷಿಕೆ ಉಳಿಯುತ್ತವೆ. ಕಲೆಕ್ಷನ್, ವರ್ಚುವಲ್ ಕಾಪಿಯಂಥವು ಅದರಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹಠಾತ್ ಹೋಗಿ ಲೈಟ್‌ರೂಮ್ ಅರ್ಧದಲ್ಲೇ ನಿಂತರೆ, ಕ್ಯಾಟಲಾಗಿನ ಪಕ್ಕ ಹೆಸರಿನ ಕೊನೆಗೆ ‘ಜರ್ನಲ್’ ಅಥವಾ ‘ವಾಲ್’ ಎಂದಿರುವ ಫೈಲ್ ಉಳಿದಿರಬಹುದು. ಅದನ್ನು ಅಳಿಸಬೇಡಿ, ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸಲು ಬೇಕಾದ ಮಾಹಿತಿ ಅದರಲ್ಲಿದೆ.

ಕನ್ನಡದಲ್ಲಿ ಕೀವರ್ಡ್ ಹಾಕುವವರು ಇನ್ನೊಂದು ತೊಡಕನ್ನು ಗಮನಿಸಬೇಕು. ಚಿತ್ರದೊಳಗೆ ಮಾಹಿತಿ ಬರೆದಿಡುವ ಹಳೆಯ ಐಪಿಟಿಸಿ ಕ್ರಮದಲ್ಲಿ ಒಂದು ಕೀವರ್ಡಿಗೆ 64 ಬೈಟ್ ಮಿತಿ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ, ಎಂದರೆ ಅಕ್ಷರಕ್ಕೂ ಸ್ವರಚಿಹ್ನೆಗೂ ಒತ್ತಕ್ಷರ ಕೂಡಿಸುವ ವಿರಾಮ ಸಂಕೇತಕ್ಕೂ, 3 ಬೈಟ್ ಬೇಕು. ‘ಅನಂತಪುರ ಸರೋವರ ದೇವಸ್ಥಾನ’ ಎಂದರೆ 62 ಬೈಟ್, ಹೇಗೋ ಹಿಡಿಸುತ್ತದೆ. ‘ಮಧೂರು ಮದನಂತೇಶ್ವರ ದೇವಸ್ಥಾನ’ ಎಂದರೆ 71. ಮಿತಿ ಪಾಲಿಸುವ ಹಳೆಯ ಸಾಫ್ಟ್‌ವೇರಿನಲ್ಲಿ ಕೊನೆಯ ಪದ ‘ದೇವಸ್’ ಎಂಬಲ್ಲಿ ತುಂಡಾಗಿ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಎಕ್ಸ್‌ಎಂಪಿಗೆ ಈ ಮಿತಿ ಇಲ್ಲ. ಪತ್ರಿಕೆಗೆ ಚಿತ್ರ ಕಳಿಸುವವರು ಊರು, ದೇವಸ್ಥಾನ, ದೇವರ ಹೆಸರು ಎಂದು ಬಿಡಿಸಿ ಚಿಕ್ಕ ಕೀವರ್ಡ್‌ಗಳನ್ನೇ ಹಾಕುವುದು ಕ್ಷೇಮ. ಶೀರ್ಷಿಕೆ ಹಾಕುವ ವೇಗಕ್ಕೆ ಫೋಟೋ ಮೆಕ್ಯಾನಿಕ್ ಎಂಬ ಸಾಫ್ಟ್‌ವೇರ್ ಹೆಸರಾಗಿದೆ. ಅದು ರಾ ಫೈಲಿನೊಳಗಿನ ಸಿದ್ಧ ಜೆಪೆಗ್ ಅನ್ನೇ ತೋರಿಸುವುದರಿಂದ ಕಾಯಿಸುವುದಿಲ್ಲ.

ಆಲ್ಬಂ ಪುಟದ ವಿಚಾರಕ್ಕೆ ಬಂದರೆ ಇಲ್ಲಿ ಕನ್ನಡ, ಮಲೆಯಾಳ ಎರಡೂ ಬೇಕು. 12×36 ಇಂಚಿನ ಹಾಳೆ ಇಂಚಿಗೆ 300 ಪಿಕ್ಸೆಲ್‌ನಂತೆ 10,800×3,600 ಪಿಕ್ಸೆಲ್. ಯೂನಿಕೋಡ್ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಅದು ಅಕ್ಷರಶೈಲಿಯ ತಪ್ಪಲ್ಲ. ಹಳೆಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಎಂಜಿನ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ‘ವರ್ಲ್ಡ್ ರೆಡಿ’ ಲೇಔಟಿಗೆ ಬದಲಿಸಬೇಕು. ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿ ಯೂನಿಕೋಡ್ ಅಲ್ಲದ ಸಂಕೇತಗಳಿಂದ ಮಾಡಿದ ಪಿಎಸ್‌ಡಿಗಳನ್ನು (ಫೋಟೋಶಾಪ್ ಫೈಲುಗಳನ್ನು) ಹೊಸ ಕಂಪ್ಯೂಟರಿನಲ್ಲಿ ತೆರೆದು ಅಕ್ಷರ ತಿದ್ದಲು ಹೋದರೆ ಆ ಶೈಲಿ ಇಲ್ಲದೆ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಗೊಂದಲವಾಗುತ್ತವೆ. ಕಾಪಿಡುವ ಮೊದಲು ಅಕ್ಷರದ ಲೇಯರಿನ ನಕಲು ಮಾಡಿ, ಒಂದನ್ನು ರಾಸ್ಟರೈಸ್ ಮಾಡಿಡಿ, ಎಂದರೆ ಅಕ್ಷರವನ್ನು ಚಿತ್ರವಾಗಿ ಬದಲಿಸಿಡಿ.

ರಾತ್ರಿಯ ತೆಯ್ಯಂ ಯಾವ ಸಾಫ್ಟ್‌ವೇರನ್ನೂ ಪರೀಕ್ಷೆಗೊಡ್ಡುತ್ತದೆ. ಬೆಂಕಿಯ ಬೆಳಕಿನ ಬಣ್ಣತಾಪ ಸುಮಾರು 1,900 ಕೆಲ್ವಿನ್. ಲೈಟ್‌ರೂಮಿನ ವೈಟ್ ಬ್ಯಾಲೆನ್ಸ್ ಸ್ಲೈಡರ್ 2,000ಕ್ಕೆ ನಿಂತುಬಿಡುತ್ತದೆ. ಅದಕ್ಕಿಂತ ಕೆಳಗಿಳಿಯಲು ಅಡೋಬಿಯ ಉಚಿತ ಡಿಎನ್‌ಜಿ ಪ್ರೊಫೈಲ್ ಎಡಿಟರಿನ ಕಲರ್ ಮ್ಯಾಟ್ರಿಸಸ್ ಪುಟದಲ್ಲಿ ತಾಪಮಾನ ಸರಿಸಿ ಹೊಸ ಪ್ರೊಫೈಲ್ ಮಾಡಿಕೊಳ್ಳಬೇಕು. ಡಾರ್ಕ್‌ಟೇಬಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಾದರೆ ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲ್ ಸಾಕು. ಹಾಗೆಂದು ಬಿಳಿಯನ್ನು ಪೂರ್ತಿ ಬಿಳಿ ಮಾಡಬೇಡಿ, ಬೆಂಕಿಯ ಕೆಂಪು ತೆಗೆದರೆ ತೆಯ್ಯಂ ಟ್ಯೂಬ್‌ಲೈಟಿನ ಅಡಿ ನಿಂತಂತಾಗುತ್ತದೆ. ಮುಖವರ್ಣಿಕೆಯ ಕೆಂಪಿನಲ್ಲಿ ಗೆರೆಗಳು ಕಾಣದೆ ಒಂದೇ ಮುದ್ದೆಯಾಗುವುದಕ್ಕೆ ಎರಡು ಕಾರಣ. ತೆಗೆಯುವಾಗಲೇ ಕೆಂಪು ಚಾನೆಲ್ ತುಂಬಿ ಹೋಗಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಮರಳಿಸದು. ಕ್ಯಾಮೆರಾದ ಆರ್‌ಜಿಬಿ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿಯ ಪ್ರಮಾಣ ತೋರಿಸುವ ನಕ್ಷೆ) ನೋಡಿ ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು, ಎಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ ತೆಗೆಯಬೇಕು. ರಾ ಸರಿಯಿದ್ದರೂ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ, ಚಿಕ್ಕ ಬಣ್ಣವ್ಯಾಪ್ತಿಗೆ ಇಳಿಸುವಾಗ ಮುದ್ದೆಯಾದರೆ, ಕೆಂಪಿನ ಸ್ಯಾಚುರೇಶನ್ ಮತ್ತು ಲ್ಯೂಮಿನನ್ಸ್ ಎರಡನ್ನೂ ತುಸು ಇಳಿಸಿದರೆ ಗೆರೆಗಳು ಮರಳುತ್ತವೆ.

2009ರಲ್ಲಿ ಶುರುವಾದ ಡಾರ್ಕ್‌ಟೇಬಲ್ 2017ರ ಡಿಸೆಂಬರಿನಿಂದ ವಿಂಡೋಸ್‌ಗೂ ಸಿಗುತ್ತದೆ. ಉಚಿತ, ಮುಕ್ತ. ಕಲಿಯುವ ಹಾದಿ ಕಡಿದು, ಮೊದಲ ತಿಂಗಳು ಕೆಲಸ ನಿಧಾನ. ಲೈಟ್‌ರೂಮಿನ ಎಕ್ಸ್‌ಎಂಪಿಯಿಂದ ಸ್ಟಾರ್, ಕೀವರ್ಡ್, ಕ್ರಾಪ್‌ನಂಥ ಕೆಲವನ್ನು ಓದಿಕೊಳ್ಳುತ್ತದೆ, ತನ್ನದನ್ನು ಬೇರೆ ಹೆಸರಿನ ಎಕ್ಸ್‌ಎಂಪಿಯಲ್ಲಿ ಬರೆಯುತ್ತದೆ, ಆದ್ದರಿಂದ ಎರಡೂ ಒಂದೇ ಫೋಲ್ಡರಿನಲ್ಲಿ ಜಗಳವಿಲ್ಲದೆ ಇರಬಲ್ಲವು. ಮದುವೆಯೇ ಮುಖ್ಯ ಕೆಲಸವಾದರೆ ಕ್ಯಾಪ್ಚರ್ ವನ್‌ನ ಸೆಷನ್ ಪದ್ಧತಿ ಹೆಚ್ಚು ಹೊಂದುತ್ತದೆ: ಚಿತ್ರ, ಎಡಿಟ್, ಔಟ್‌ಪುಟ್ ಎಲ್ಲ ಒಂದೇ ಫೋಲ್ಡರಿನ ಒಳಗೆ, ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಎಳೆದರೆ ಆಯಿತು. ರೀಟಚಿಂಗ್ ಮತ್ತು ಪುಟ ಜೋಡಣೆಗೆ 2025ರ ಅಕ್ಟೋಬರಿನಿಂದ ಉಚಿತವಾಗಿರುವ ಅಫಿನಿಟಿಯನ್ನು ನೋಡಬಹುದು, ಆದರೆ ನಿಮ್ಮ ಕನ್ನಡ ಮತ್ತು ಮಲೆಯಾಳ ಅಕ್ಷರಶೈಲಿಗಳಲ್ಲಿ ಒತ್ತಕ್ಷರ ಸರಿ ಬರುತ್ತದೆಯೇ ಎಂದು ಮೊದಲು ಪರೀಕ್ಷಿಸಿ.

ಯಾವುದಕ್ಕೆ ಬದಲಾದರೂ ಹಳೆಯ ಕೆಲಸವನ್ನು ಹೊಸದರಲ್ಲಿ ಮತ್ತೆ ಎಡಿಟ್ ಮಾಡಲು ಹೊರಡಬೇಡಿ. ಆರಿಸಿದ ಚಿತ್ರಗಳನ್ನು ಹಳೆಯ ಸಾಫ್ಟ್‌ವೇರಿನಲ್ಲೇ 16 ಬಿಟ್ ಟಿಫ್‌ಗೆ, ಉಳಿದವನ್ನು ಪೂರ್ಣ ಅಳತೆಯ ಜೆಪೆಗ್‌ಗೆ ಎಕ್ಸ್‌ಪೋರ್ಟ್ ಮಾಡಿ, ರಾ ಮತ್ತು ಎಕ್ಸ್‌ಎಂಪಿ ಜತೆಗೆ ಎರಡು ಬೇರೆ ಡಿಸ್ಕಿಗೆ ಹಾಕಿ. 24 ಮೆಗಾಪಿಕ್ಸೆಲ್‌ನ ಅಂಥ ಒಂದು ಟಿಫ್, ಹಿಂಡದೆ ಇಟ್ಟರೆ, 144 ಎಂಬಿ ಆಗುವುದರಿಂದ ಮದುವೆಗೆ ನೂರು ಚಿತ್ರ ಸಾಕು. ಹೊಸ ಸಾಫ್ಟ್‌ವೇರನ್ನು ಮುಂದಿನ ಸೀಸನ್ನಿನ ಮೊದಲ ಕೆಲಸದಿಂದ ಶುರುಮಾಡಿ, ನಡುವಿನಲ್ಲಿ ಅಲ್ಲ.