ಡೆತ್ ಸರ್ಟಿಫಿಕೇಟ್ ಎಣಿಸಿದರೆ ಸಾವಿನ ಕಾರಣ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮ ಮಂಡ್ಯದ ಕಡೆ ಈಗೀಗ ಎಲ್ಲರೂ ಹಾರ್ಟ್ ಅಟ್ಯಾಕ್‌ನಿಂದಲೇ ಹೋಗ್ತಿದ್ದಾರೆ. ಡೆತ್ ಸರ್ಟಿಫಿಕೇಟ್‌ಗಳನ್ನು ತೆಗೆಸಿ ಎಣಿಸಿದರೆ ಗೊತ್ತಾಗಲ್ವಾ ಸಾರ್?

ಉತ್ತರ: ಗೊತ್ತಾಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಪೌತಿ ಖಾತೆಗೆ, ಎಲ್‌ಐಸಿಗೆ ಕೊಡುತ್ತೀರಲ್ಲ, ಆ ಸರ್ಟಿಫಿಕೇಟ್‌ನಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. ಬೀರುವಿನಿಂದ ತೆಗೆದು ನೋಡಿ. ಅದನ್ನು ಅಲ್ಲಿ ತೋರಿಸಬಾರದು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ. ಕಾರಣ ಇರುವುದು ಡಾಕ್ಟರ್ ತುಂಬುವ ಬೇರೆ ಫಾರಂನಲ್ಲಿ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ 4ಎ. ಅಧ್ಯಯನಕ್ಕೆ ಬೇಕಾದ್ದು ಅದು.

ಇನ್ನು ಹಾರ್ಟಿನ ವಿಷಯ. "ಹೃದಯ ನಿಂತುಹೋಯಿತು, ಹಾಗಾದರೆ ಹೃದಯದ ಕಾಯಿಲೆಯೇ" ಅನ್ನುವ ಈ ನಂಬಿಕೆ ಬಿಟ್ಟುಬಿಡಿ. ಹೃದಯ ನಿಲ್ಲದೆ ಯಾರು ಸಾಯುತ್ತಾರೆ? ಮದ್ದೂರಿನ ಕಡೆಯ ಒಬ್ಬ ರೈತ ಅಂದುಕೊಳ್ಳಿ. ಹಳೆಯ ಸಕ್ಕರೆ ಕಾಯಿಲೆ. ಪಾದದಲ್ಲಿ ಹುಣ್ಣಾಯಿತು, ಮಾಯಲಿಲ್ಲ, ಕಾಲು ಕೊಳೆಯಿತು, ನಂಜು ರಕ್ತಕ್ಕೇರಿತು. ಐಸಿಯುನಲ್ಲಿ ಹೃದಯ ನಿಂತಿತು. ಊರಲ್ಲಿ ಎಲ್ಲರ ಬಾಯಲ್ಲೂ ಹಾರ್ಟ್ ಅಟ್ಯಾಕ್. ಆದರೆ ಫಾರಂನಲ್ಲಿ ಬರೆಯಬೇಕಾದ್ದು ಮೇಲಿನ ಸಾಲಿನಲ್ಲಿ ನಂಜು, ಅದರ ಕೆಳಗೆ ಕೊಳೆತ ಕಾಲು, ಎಲ್ಲಕ್ಕಿಂತ ಕೆಳಗೆ ಸಕ್ಕರೆ ಕಾಯಿಲೆ. ಲೆಕ್ಕಕ್ಕೆ ಹೋಗುವುದು ಆ ಕೆಳಗಿನ ಸಾಲು. ಎಲ್ಲಿಂದ ಶುರುವಾಯಿತೋ ಅದೇ ಮೂಲ ಕಾರಣ, ತಡೆಯಲು ಸಾಧ್ಯವಿರುವುದೂ ಅಲ್ಲೇ. ಹೆದ್ದಾರಿಯಲ್ಲಿ ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿ ಸತ್ತವನ ಹೃದಯವೂ ನಿಂತಿರುತ್ತದೆ. ಮೂಲ ಕಾರಣ ಮಾತ್ರ ಅಪಘಾತ.

ಸುಮ್ನೆ 'ಕಾರ್ಡಿಯಾಕ್ ಅರೆಸ್ಟ್', ಅಂದರೆ ಹೃದಯ ನಿಂತಿತು, ಅಂತ ಒಂದೇ ಸಾಲು ಬರೆದ ಫಾರಂನಿಂದ ಏನೂ ತಿಳಿಯುವುದಿಲ್ಲ. ಹಾಗೆ ಬರೆಯಬಾರದು ಅಂತ ಡಾಕ್ಟರುಗಳಿಗೆ ಸೂಚನೆಯೇ ಇದೆ. ಆದರೂ ಬರೆಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಒಬ್ಬರ ಜೀವ ಹೋಗಿದೆ, ಏಕೆ ಹೋಯಿತು ಅನ್ನುವ ಮಾಹಿತಿಯೂ ಅದರ ಜೊತೆಗೇ ಹೋಗುತ್ತದೆ.

2025ರಲ್ಲಿ ಹಾಸನದಲ್ಲಿ ಒಬ್ಬರ ಹಿಂದೊಬ್ಬರು ಹಾರ್ಟ್ ಅಟ್ಯಾಕ್‌ನಿಂದ ಸಾಯುತ್ತಿದ್ದಾರೆ ಅನ್ನುವ ಸುದ್ದಿ ಕೇಳಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲು ನಿಂತಿದ್ದು ನೆನಪಿದೆ ಅಲ್ವಾ? ಸರ್ಕಾರದ ಸಮಿತಿ ಆ ಸಾವುಗಳನ್ನು ಪರಿಶೀಲಿಸಿದಾಗ, ಕೆಲವು ಹೃದಯದ ಸಾವೇ ಅಲ್ಲ ಅಂತ ಕಂಡಿತು. ಹೃದಯದ ಕಾಯಿಲೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ಕಾರಣ ಬರೆದ ಸಾವುಗಳಲ್ಲಿ ಹೃದಯ, ರಕ್ತನಾಳದ ಕಾಯಿಲೆಗಳದ್ದೇ ದೊಡ್ಡ ಪಾಲು. ಆದರೆ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದದ್ದು ಶೇ. 22.5ಕ್ಕೆ ಮಾತ್ರ. ಉಳಿದವರ ಕಾರಣ ತಿಳಿಯಲು ಆಯ್ದ ಊರುಗಳಲ್ಲಿ ಮನೆಗೆ ಹೋಗಿ, ಜ್ವರ ಎಷ್ಟು ದಿನ ಇತ್ತು, ಎದೆನೋವು ಇತ್ತಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಡಾಕ್ಟರುಗಳು ಅದನ್ನು ಓದಿ ಕಾರಣ ನಿರ್ಧರಿಸುತ್ತಾರೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಸ್ವಂತ ಊರಿನಲ್ಲಲ್ಲ. ಪಾಂಡವಪುರದವರು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರೆ ದಾಖಲೆ ಮೈಸೂರಿನದು. ಚಾಮರಾಜನಗರ, ಕೊಡಗಿನಿಂದ ಬಂದವರದ್ದೂ ಅಷ್ಟೇ. ಹಾಗಾಗಿ ಮೈಸೂರಿನ ರಿಜಿಸ್ಟರ್ ಒಂದನ್ನೇ ಎಣಿಸಿದರೆ ಮೈಸೂರಿನಲ್ಲಿ ಸಾವು ಜಾಸ್ತಿ, ಪಾಂಡವಪುರದಲ್ಲಿ ಕಡಿಮೆ ಅನ್ನಿಸುತ್ತದೆ. ಮರಣದ ವರದಿ ನಮೂನೆಯಲ್ಲಿ ಸತ್ತವರ ವಾಸದ ಊರಿಗೂ ಒಂದು ಜಾಗ ಇದೆ. ತಾಲ್ಲೂಕುವಾರು ಲೆಕ್ಕ ಹಾಕುವವರು ಮೊದಲು ನೋಡಬೇಕಾದ್ದು ಅದನ್ನು.